ಮೂಳೆಯೊಳಗೆ ಮಲಗಿರುವ ಮಹನೀಯರಿಗೆ

ಗೆ,
ಶ್ರೀಯುತ ರಕ್ತದ ಕಾಂಡಕೋಶ ಅವರು,
ಅಸ್ಥಿಮಜ್ಜೆ, ಸೊಂಟದ ಮೂಳೆಯ ಒಳಭಾಗ.

ವಿಷಯ: ಕರ್ತವ್ಯದ ವೇಳೆಯಲ್ಲಿ ನಿದ್ರಿಸುತ್ತಿರುವ ಬಗ್ಗೆ ಕಾರಣ ಕೇಳಿ ನೋಟಿಸ್.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮಗೆ ತಿಳಿಯಪಡಿಸುವುದೇನೆಂದರೆ, ತಮ್ಮ ಹಾಜರಾತಿ ಪುಸ್ತಕ ನೋಡಿದಾಗಿನಿಂದ ನಮ್ಮ ವಿಭಾಗದಲ್ಲಿ ಯಾರಿಗೂ ಸಮಾಧಾನವಿಲ್ಲ. ನಾನು ಬೆಂಗಳೂರಿನ ಹೊರವರ್ತುಲ ರಸ್ತೆಯ ಕಂಪನಿಯೊಂದರಲ್ಲಿ ಎಚ್‌ಆರ್ ಮುಖ್ಯಸ್ಥ. ಯಾರು ಎಷ್ಟು ಹೊತ್ತಿಗೆ ಲಾಗಿನ್ ಆದರು, ಕಾಫಿಗೆಂದು ಎದ್ದವರು ಯಾವಾಗ ಬಂದು ಕೂತರು ಎಂದು ನೋಡಿಕೊಳ್ಳುವುದೇ ನನ್ನ ಅನ್ನ. ನನ್ನ ಇಡೀ ಸರ್ವಿಸಿನಲ್ಲಿ ನಿಮ್ಮಂಥ ನೌಕರರನ್ನು ಕಂಡಿಲ್ಲ. ಕರೆಸಿ ಮಾತಾಡೋಣವೆಂದರೆ ನೀವು ಎದ್ದು ಬರುವವರಲ್ಲ. ಹೀಗಾಗಿ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಆರೋಪಪಟ್ಟಿ. ನೀವಿರುವ ಕಾರ್ಖಾನೆ ಸಣ್ಣದಲ್ಲ. ಒಬ್ಬ ವಯಸ್ಕನ ಮೈಯಲ್ಲಿ ದಿನಕ್ಕೆ ಸುಮಾರು 20,000 ಕೋಟಿ ಕೆಂಪು ರಕ್ತಕಣಗಳು ಹೊಸದಾಗಿ ತಯಾರಾಗಬೇಕು. ಅಂದರೆ ಸೆಕೆಂಡಿಗೆ 20 ಲಕ್ಷಕ್ಕೂ ಹೆಚ್ಚು. ಒಂದು ಕೆಂಪುಕಣ ಬಾಳುವುದು 120 ದಿನ, ಒಂದು ಪ್ಲೇಟ್‌ಲೆಟ್ ಎಂಟು–ಹತ್ತು ದಿನ, ಸೋಂಕಿನ ಜೊತೆ ಹೋರಾಡುವ ನ್ಯೂಟ್ರೊಫಿಲ್ ಅದಕ್ಕಿಂತಲೂ ಕಡಿಮೆ. ಉತ್ಪಾದನೆ ಒಂದು ಗಳಿಗೆಯೂ ನಿಲ್ಲುವಂತಿಲ್ಲ. ಇಷ್ಟು ದೊಡ್ಡ ಟಾರ್ಗೆಟ್ ಇರುವ ಕಡೆ, ಇಡೀ ವಂಶಾವಳಿಯ ಮೂಲಪುರುಷರಾದ ತಾವು ಏನು ಮಾಡುತ್ತಿದ್ದೀರಿ? ಮಲಗಿದ್ದೀರಿ. 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಲಿಗಳಲ್ಲಿ ಲೆಕ್ಕ ಹಾಕಿತು: ನಿಮ್ಮ ಪೈಕಿ ಮಹಾ ನಿದ್ರಾವಂತರು ಸುಮಾರು 145 ದಿನಕ್ಕೊಮ್ಮೆ ವಿಭಜನೆಯಾಗುತ್ತಾರಂತೆ. ಇಲಿಯ ಇಡೀ ಆಯುಸ್ಸಿನಲ್ಲಿ ಐದೇ ಸಲ. ಮನುಷ್ಯರಲ್ಲಿ ಇನ್ನೂ ವಿಶೇಷ. ಒಂದು ಅಂದಾಜಿನ ಪ್ರಕಾರ ನೀವು ಏಳುವುದು 40 ವಾರಕ್ಕೊಮ್ಮೆ. ನಿಮ್ಮ ಕೈಕೆಳಗಿನ ಪ್ರೊಜೆನಿಟರ್ ಕೋಶಗಳು ಹಗಲೂ ರಾತ್ರಿ ಒಂದು ಎರಡಾಗಿ, ಎರಡು ನಾಲ್ಕಾಗಿ ದುಡಿಯುತ್ತಿದ್ದರೆ ಹೆಸರು ಮಾತ್ರ ನಿಮಗೆ.

2023ರ ಅಕ್ಟೋಬರ್‌ನಲ್ಲಿ ಇನ್ಫೋಸಿಸ್ ಸ್ಥಾಪಕರಲ್ಲೊಬ್ಬರಾದ ಎನ್.ಆರ್. ನಾರಾಯಣ ಮೂರ್ತಿಯವರು ದೇಶದ ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. 2025ರ ಜನವರಿ ಹೊತ್ತಿಗೆ ಎಲ್ ಆ್ಯಂಡ್ ಟಿ ಅಧ್ಯಕ್ಷರು ಅದನ್ನು 90ಕ್ಕೆ ಏರಿಸಿದರು. ನಿಮ್ಮ ಮಜ್ಜೆಯವರೆಗೆ ಆ ಸುದ್ದಿ ಮುಟ್ಟಿದಂತಿಲ್ಲ.

ಸ್ಥಳ ಪರಿಶೀಲನೆಗೂ ಹೋಗಿದ್ದೆವು. ಸುಲಭದ ಕೆಲಸವಲ್ಲ ಅದು. ರೋಗಿಯನ್ನು ಮಗ್ಗುಲಾಗಿ ಮಲಗಿಸಿ, ಸೊಂಟದ ಹಿಂಭಾಗದ ಮೂಳೆಯಂಚನ್ನು ಬೆರಳಿಂದ ಒತ್ತಿ ಹುಡುಕಿ, ಅಲ್ಲಿ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ದಪ್ಪ ಸೂಜಿಯನ್ನು ತಿರುಚಿ ತಿರುಚಿ ಒಳಗಿಳಿಸುತ್ತಾರೆ. ಗಟ್ಟಿ ಪದರ ದಾಟಿದೊಡನೆ ವೈದ್ಯರ ಕೈಗೆ ಅದು ಗೊತ್ತಾಗುತ್ತದೆ. ಮರಗಟ್ಟಿಸುವ ಔಷಧಿ ಮೂಳೆಯ ಹೊರಪದರದವರೆಗೆ ಮಾತ್ರ; ಸಿರಿಂಜಿನಿಂದ ಮಜ್ಜೆಯನ್ನು ಸೆಳೆಯುವ ಆ ಎರಡು ಮೂರು ಕ್ಷಣ ಕಾಲಿನುದ್ದಕ್ಕೂ ಏನೋ ಹಿಡಿದೆಳೆದ ಹಾಗಾಗಿ ಎಂಥ ಗಟ್ಟಿಗನೂ ಹಲ್ಲು ಕಚ್ಚುತ್ತಾನೆ. ಬಂದ ಕಡುಗೆಂಪು ದ್ರವವನ್ನು ಗಾಜಿನ ಪಟ್ಟಿಯ ಮೇಲೆ ಸುರಿದು ಓರೆ ಮಾಡಿದರೆ ರಕ್ತ ಜಾರಿ ಹೋಗಿ, ಕೊಬ್ಬು ಮೆತ್ತಿದ ಪುಟ್ಟ ಪುಟ್ಟ ಕಣಗಳು ಉಳಿಯುತ್ತವೆ. ಇಷ್ಟೆಲ್ಲ ಮಾಡಿದರೂ ನೀವು ಸಿಗುವುದು ಹತ್ತು ಸಾವಿರ ಕೋಶಗಳಲ್ಲಿ ಒಂದು, ಅದೂ ಅದೃಷ್ಟವಿದ್ದರೆ. ಸಿಕ್ಕರೂ ಮುಖ ನೋಡಿ ಗುರುತಿಸುವಂತಿಲ್ಲ. ಸೂಕ್ಷ್ಮದರ್ಶಕದಲ್ಲಿ ಸಾಮಾನ್ಯ ಲಿಂಫೊಸೈಟ್‌ಗಳಿಗೂ ನಿಮಗೂ ಹೆಚ್ಚಿನ ವ್ಯತ್ಯಾಸವಿಲ್ಲ. ಗುರುತಿನ ಚೀಟಿಯನ್ನಾದರೂ ಕುತ್ತಿಗೆಗೆ ಹಾಕಿಕೊಳ್ಳಬಾರದೇ?

ಕೊಠಡಿಯ ವಿಚಾರವನ್ನೂ ದಾಖಲಿಸಬೇಕು. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಶೇ 21. ಬದುಕಿರುವ ಇಲಿಯ ಮಜ್ಜೆಯೊಳಗೇ ಅಳತೆ ಮಾಡಿ 2014ರಲ್ಲಿ ವರದಿಯಾದಂತೆ, ಅಲ್ಲಿನ ಕೆಲವು ಮೂಲೆಗಳಲ್ಲಿ ಅದು ಶೇ 1ರ ಆಸುಪಾಸಿಗೆ ಇಳಿದಿರುತ್ತದೆ. ಉಸಿರುಗಟ್ಟುವ ಇಂಥ ಜಾಗದಲ್ಲಿ ನೀವು ದೂರು ಕೊಡದೆ ಇದ್ದೀರಿ. ಆಮ್ಲಜನಕ ಉರಿಸಿ ಹೇರಳ ಶಕ್ತಿ ಪಡೆಯುವ ಮೈಟೊಕಾಂಡ್ರಿಯಗಳನ್ನು ಸುಮ್ಮನೆ ಕೂರಿಸಿ, ಸಕ್ಕರೆಯನ್ನು ಆಮ್ಲಜನಕವಿಲ್ಲದೆಯೇ ಒಡೆದು ಸಿಕ್ಕಷ್ಟರಲ್ಲಿ ಕಾಲ ಹಾಕುತ್ತೀರಿ. ಪ್ರೋಟೀನ್ ತಯಾರಿಕೆಯಲ್ಲೂ ಇದೇ ಕಥೆ: 2014ರಲ್ಲೇ ಡಲ್ಲಾಸ್‌ನ ಷಾನ್ ಮಾರಿಸನ್ ಅವರ ಪ್ರಯೋಗಾಲಯ ಅಳೆದು ನೋಡಿತು, ಮಜ್ಜೆಯ ಬೇರೆ ಕೋಶಗಳಿಗಿಂತ ನಿಮ್ಮ ಉತ್ಪಾದನೆ ತೀರಾ ಕಮ್ಮಿ. ನಮ್ಮ ಮನಸ್ಸಿಗೆ ಹತ್ತಿರವಾದ ಉಪಾಯವೊಂದನ್ನು ಅವರು ಪರೀಕ್ಷಿಸಿಯೂ ನೋಡಿದರು. ವಂಶವಾಹಿ ತಿದ್ದಿ ನಿಮ್ಮ ಉತ್ಪಾದನೆ ಹೆಚ್ಚಿಸಿದರು. ನೀವು ಕೆಟ್ಟಿರಿ. ರಕ್ತ ತಯಾರಿಸುವ ನಿಮ್ಮ ಶಕ್ತಿಯೇ ಕುಂದಿತು. ತರಬೇತಿ ಕೊಟ್ಟರೂ ಸುಧಾರಿಸದ ನೌಕರರೆಂದು ಷರಾ ಬರೆದಿದ್ದೇನೆ.

ಇಷ್ಟು ಬರೆದ ಮೇಲೂ ನಿಮ್ಮನ್ನು ಕೆಲಸದಿಂದ ತೆಗೆಯಲಾಗುತ್ತಿಲ್ಲ ಎಂಬುದೇ ನಮ್ಮ ಸಂಕಟ. ಏಕೆಂದರೆ ನಿಮ್ಮ ಸರ್ವಿಸ್ ರಿಜಿಸ್ಟರಿನಲ್ಲಿ ಕೆಲವು ವಿಚಿತ್ರ ನಮೂದುಗಳಿವೆ. 1945ರಲ್ಲಿ ಹಿರೋಶಿಮಾ, ನಾಗಾಸಾಕಿಗಳಲ್ಲಿ ಸ್ಫೋಟಕ್ಕೂ ಬೆಂಕಿಗೂ ಸಿಕ್ಕದೆ ಉಳಿದ ಎಷ್ಟೋ ಜನ ಕೆಲವೇ ವಾರಗಳಲ್ಲಿ ಒಸಡಿನಿಂದ ರಕ್ತ ಸೋರಿ, ಸೋಂಕು ತಗುಲಿ ಸತ್ತರು. ವಿಕಿರಣ ನಿಮ್ಮ ಮನೆಗೇ ನುಗ್ಗಿತ್ತು. 1949ರಲ್ಲಿ ಷಿಕಾಗೋದ ಲಿಯೋನ್ ಜೇಕಬ್‌ಸನ್, ಇಲಿಯ ಗುಲ್ಮವೊಂದನ್ನು ಮಾತ್ರ ಸೀಸದಿಂದ ಮುಚ್ಚಿ ಉಳಿದ ಮೈಗೆಲ್ಲ ಮಾರಕ ಪ್ರಮಾಣದ ವಿಕಿರಣ ಹಾಯಿಸಿದರೂ ಇಲಿ ಬದುಕುವುದನ್ನು ತೋರಿಸಿದರು. 1961ರಲ್ಲಿ ಟೊರಾಂಟೊದ ಜೇಮ್ಸ್ ಟಿಲ್ ಮತ್ತು ಅರ್ನೆಸ್ಟ್ ಮೆಕ್‌ಕಲಕ್ ನಿಮ್ಮನ್ನು ಸಾಕ್ಷಿ ಸಮೇತ ಹಿಡಿದರು. ವಿಕಿರಣದಿಂದ ಮಜ್ಜೆ ಬರಿದಾದ ಇಲಿಗಳಿಗೆ ಬೇರೆ ಇಲಿಯ ಮಜ್ಜೆ ಚುಚ್ಚಿ ಹತ್ತು ದಿನದ ಮೇಲೆ ನೋಡಿದರೆ ಗುಲ್ಮದ ಮೇಲೆಲ್ಲ ಗಂಟುಗಳು. ಅದನ್ನು ಕಂಡವರು ಮೆಕ್‌ಕಲಕ್, ಅದೂ ಒಂದು ಭಾನುವಾರ ಲ್ಯಾಬಿಗೆ ಬಂದಾಗ. (ನಮ್ಮ ವಿಭಾಗ ಈ ಸಂಗತಿಯನ್ನು ವಿಶೇಷವಾಗಿ ಮೆಚ್ಚಿಕೊಂಡಿದೆ.) ಎಷ್ಟು ಕೋಶ ಚುಚ್ಚಿದರೋ ಆ ಪ್ರಮಾಣಕ್ಕೆ ಸರಿಯಾಗಿ ಗಂಟು, ಒಂದೊಂದು ಗಂಟೂ ಒಂದೇ ಕೋಶದ ಸಂತಾನ. ಸಾಯಬೇಕಾಗಿದ್ದ ಪ್ರಾಣಿಗೆ ಹೊಸ ರಕ್ತ ಕೊಟ್ಟವರು ನೀವೇ ಎಂದು ಸಾಬೀತಾಯಿತು.

ವರ್ಗಾವಣೆಯಲ್ಲೂ ನಿಮ್ಮನ್ನು ಮೀರಿಸಿದವರಿಲ್ಲ. ಭಾರತದಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ 1983ರಲ್ಲಿ ಮೊದಲ ಮಜ್ಜೆ ಕಸಿ ಮಾಡಿತು. 1986ರಲ್ಲಿ ವೆಲ್ಲೂರಿನ ಸಿಎಂಸಿ ಶುರು ಮಾಡಿತು. ನಿಮ್ಮನ್ನು ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಯಲ್ಲಿ ವರ್ಷಗಟ್ಟಲೆ ಇಟ್ಟು, ನೀರಿನ ಬಿಸಿಗೆ ಕರಗಿಸಿ, ಚೀಲದಿಂದ ರೋಗಿಯ ತೋಳಿನದೋ ಎದೆಯದೋ ರಕ್ತನಾಳಕ್ಕೆ ಹನಿಹನಿಯಾಗಿ ಬಿಡುತ್ತಾರೆ. ಹೆಪ್ಪುಗಟ್ಟುವಾಗ ನಿಮ್ಮನ್ನು ಕಾಯುವ ಡಿಎಂಎಸ್‌ಒ ಎಂಬ ರಾಸಾಯನಿಕದಿಂದ ರೋಗಿಯ ಉಸಿರೆಲ್ಲ ಬೆಳ್ಳುಳ್ಳಿ ವಾಸನೆ. ಬಾಗಿಲಲ್ಲಿ ನಿಂತವರಿಗೂ ಮೂಗಿಗೆ ಬಡಿಯುತ್ತದೆ. ಬಿಟ್ಟದ್ದು ತೋಳಿನಲ್ಲಾದರೂ ನೀವು ದಾರಿ ಕೇಳದೆ ಮೂಳೆಯೊಳಗಿನ ನಿಮ್ಮ ಜಾಗಕ್ಕೇ ಹೋಗಿ ಸೇರುತ್ತೀರಿ. ಎರಡು ಮೂರು ವಾರ ರೋಗಿಯ ಮನೆಯವರು ದಿನಾ ಬೆಳಗ್ಗೆ ರಕ್ತಪರೀಕ್ಷೆಯ ಚೀಟಿಗಾಗಿ ಕಾಯುತ್ತಾರೆ; ನ್ಯೂಟ್ರೊಫಿಲ್ ಸಂಖ್ಯೆ 500 ದಾಟಿದ ದಿನ ಸಿಹಿ ಹಂಚುವವರಿದ್ದಾರೆ. ಅಷ್ಟರಮಟ್ಟಿಗೆ ನಿಮ್ಮ ಕೆಲಸವನ್ನು ನಾವು ಒಪ್ಪುತ್ತೇವೆ. ಆದರೆ ಕಸಿ ಕೂತು ಕೆಲಸ ಸುರಳೀತವಾದೊಡನೆ ನೀವು ಪುನಃ ಮಲಗಿಬಿಡುತ್ತೀರಿ! ಅಷ್ಟು ವೇಗ ಗೊತ್ತಿದ್ದವರು ಅದನ್ನೇ ಮುಂದುವರಿಸಿದರೆ ಆಗದೇ?

ನಿಮ್ಮ ಪರವಾಗಿ ವಿಜ್ಞಾನಿಗಳು ಸಲ್ಲಿಸಿದ ಸಮಜಾಯಿಷಿಯನ್ನು ಓದಿದೆ. ಅದರ ತಿರುಳಿಷ್ಟು: ನೀವು ಒತ್ತಡ ತಾಳಿಕೊಳ್ಳುವುದೇ ಮಲಗಿರುವುದರಿಂದ. ವಿಭಜನೆಯಾಗುತ್ತಿರುವ ಕೋಶ ತನ್ನ ಡಿಎನ್‌ಎಯನ್ನು ಬಿಚ್ಚಿ ನಕಲು ಮಾಡಬೇಕು. ಆಗ ಬಿದ್ದ ಏಟು ನೇರ ಒಳಕ್ಕೇ ತಾಗುತ್ತದೆ. 5-ಫ್ಲೂರೊಯುರಾಸಿಲ್ ಎಂಬ ಕ್ಯಾನ್ಸರ್ ಔಷಧಿ ನಕಲು ಮಾಡುತ್ತಿರುವ ಕೋಶಗಳನ್ನೇ ಹುಡುಕಿ ಕೊಲ್ಲುತ್ತದೆ. ಮಜ್ಜೆಯಲ್ಲಿ ನಿಯತ್ತಾಗಿ ದುಡಿಯುತ್ತಿದ್ದವರೆಲ್ಲ ಸಾಯುತ್ತಾರೆ, ನೀವು ಉಳಿಯುತ್ತೀರಿ. ಇದನ್ನು ಅಲ್ಲಗಳೆಯೋಣವೆಂದು 2009ರ ಇನ್ನೊಂದು ವರದಿ ತೆಗೆದೆ. ಅಲ್ಲಿ ಇಲಿಗಳಿಗೆ ಮೊದಲು ಇಂಟರ್‌ಫೆರಾನ್-ಆಲ್ಫಾ ಕೊಟ್ಟಿದ್ದಾರೆ. ವೈರಸ್ ಬಂದಾಗ ಮೈಯೇ ಹೊರಡಿಸುವ ತುರ್ತು ಸಂದೇಶ ಅದು. ಅದು ತಲುಪಿದೊಡನೆ ನೀವು ಎದ್ದಿದ್ದೀರಿ. ನಮಗೆ ಹಾಲು ಕುಡಿದಷ್ಟು ಸಂತೋಷ. ಎದ್ದ ಮೇಲೆ ಅದೇ ಫ್ಲೂರೊಯುರಾಸಿಲ್ ಕೊಟ್ಟರೆ, ಮುಂಚೆ ಕೂದಲೂ ಕೊಂಕದಿದ್ದ ನೀವು ಸತ್ತಿದ್ದೀರಿ, ಇಲಿಯೂ ಸತ್ತಿದೆ. ಔಷಧಿ ಅದೇ, ನೀವೂ ಅವರೇ. ನಿದ್ದೆ ಒಂದೇ ವ್ಯತ್ಯಾಸ.

ನಿದ್ದೆಯ ಬಗ್ಗೆ ನಮ್ಮ ಆಡಿಟ್ ವಿಭಾಗ ಒಂದು ಆಕ್ಷೇಪ ಎತ್ತಿದೆ, ಉತ್ತರಿಸತಕ್ಕದ್ದು. ಮಲಗಿರುವಾಗ ನಿಮ್ಮ ಡಿಎನ್‌ಎ ತುಂಡಾದರೆ, ನೋಡಿ ಬರೆಯಲು ಪಕ್ಕದಲ್ಲಿ ಹೊಸ ನಕಲು ಇರುವುದಿಲ್ಲ. ಹಾಗಾಗಿ ತುಂಡಾದ ಎರಡು ತುದಿಗಳನ್ನು ಇದ್ದಂತೆ ಅಂಟಿಸಿಬಿಡುತ್ತೀರಿ ಎಂದು 2010ರ ಇಲಿ ಪ್ರಯೋಗಗಳು ಹೇಳುತ್ತವೆ. ಜೀವ ಉಳಿಯುತ್ತದೆ, ಬರಹದಲ್ಲಿ ತಪ್ಪು ನುಸುಳುತ್ತದೆ. ಆದ್ದರಿಂದ ನಿದ್ದೆ ಪುಕ್ಕಟೆಯಲ್ಲ. ಆದರೆ ಎಚ್ಚರಕ್ಕೂ ಬೆಲೆ ತೆರಬೇಕು ಎಂದು 2015ರಲ್ಲಿ ಹೈಡೆಲ್‌ಬರ್ಗ್‌ನ ಸಂಶೋಧಕರು ಬರೆದರು. ಇಲಿಗಳಿಗೆ ಸೋಂಕು ತಗುಲಿದಂಥ ಭ್ರಮೆಯನ್ನು ಮತ್ತೆ ಮತ್ತೆ ಹುಟ್ಟಿಸಿ ನಿಮ್ಮನ್ನು ಎಬ್ಬಿಸುತ್ತ ಹೋದಾಗ, ಒಮ್ಮೆಲೇ ದುಡಿಯಲು ಹೊರಟ ಮೈಟೊಕಾಂಡ್ರಿಯಗಳ ಉರಿಯ ಜೊತೆಗೇ ನಿಮ್ಮ ಡಿಎನ್‌ಎಗೂ ಪೆಟ್ಟು ಬಿದ್ದಿತು. ಡಿಎನ್‌ಎ ರಿಪೇರಿಯ ಒಂದು ಮುಖ್ಯ ವ್ಯವಸ್ಥೆಯೇ ಕೈಕೊಟ್ಟಿದ್ದ ಇಲಿಗಳಲ್ಲಂತೂ ಮಜ್ಜೆಯೇ ಬತ್ತಿಹೋಯಿತು.

ಇದನ್ನೋದಿ ನನ್ನ ಕೆಳಗಿನ ಕೆಲವು ಅಧಿಕಾರಿಗಳು ಮೆತ್ತಗಾದರು. ನಾನು ಆಗಲಿಲ್ಲ. ನಿಮ್ಮನ್ನು ಎಬ್ಬಿಸಲು ವೈರಸ್ಸೇ ಬೇಕಿಲ್ಲ, ನಮ್ಮಂಥ ಸಂಸ್ಥೆಗಳೇ ಸಾಕು ಎಂಬುದಕ್ಕೆ ನನ್ನ ಬಳಿ ಪುರಾವೆಯಿದೆ. 2014ರಲ್ಲಿ ಬಾಸ್ಟನ್‌ನ ಸಂಶೋಧಕರು ಐಸಿಯು ಪಾಳಿಯಲ್ಲಿದ್ದ 29 ಕಿರಿಯ ವೈದ್ಯರ ರಕ್ತ ಪರೀಕ್ಷಿಸಿದರು. ರಜೆಯಲ್ಲಿದ್ದಾಗಿನದಕ್ಕಿಂತ ಪಾಳಿಯಲ್ಲಿದ್ದಾಗ ಅವರ ಬಿಳಿ ರಕ್ತಕಣಗಳು ಹೆಚ್ಚಿದ್ದವು. ಕಾರಣ ಹುಡುಕಲು ಇಲಿಗಳನ್ನು ವಾರಗಟ್ಟಲೆ ಕಾಡಿದಾಗ ಇಡೀ ಆಡಳಿತ ಕ್ರಮ ಹೊರಬಿತ್ತು: ಒತ್ತಡದಲ್ಲಿ ನರಗಳ ತುದಿಯಿಂದ ನಾರ್‌ಅಡ್ರಿನಲಿನ್ ಹೆಚ್ಚಾಗಿ ಸುರಿಯುತ್ತದೆ, ನಿಮ್ಮ ನೆರೆಯ ಕೋಶಗಳು ನಿಮ್ಮನ್ನು ಮಲಗಿಸಿಡುವ ಸಿಎಕ್ಸ್‌ಸಿಎಲ್12 ಎಂಬ ಪ್ರೋಟೀನನ್ನು ಕಡಿಮೆ ಮಾಡುತ್ತವೆ, ನೀವು ಎದ್ದು ಬಿಳಿಕಣಗಳನ್ನು ಹೆರುತ್ತೀರಿ, ಅವು ರಕ್ತನಾಳದ ಗೋಡೆಯ ಕೊಬ್ಬಿನ ಗಂಟುಗಳಿಗೆ ನುಗ್ಗಿ ಅಲ್ಲಿ ಉರಿಯೂತ ಎಬ್ಬಿಸುತ್ತವೆ. ತಿಂಗಳ ಕೊನೆಯ ವಾರ ನಮ್ಮ ಮಹಡಿಯಲ್ಲಿ ರಾತ್ರಿ ಹನ್ನೊಂದಕ್ಕೂ ದೀಪ ಉರಿಯುತ್ತಿದ್ದರೆ, ಅದರ ಬಿಸಿ ಮೂಳೆಯವರೆಗೂ ತಟ್ಟಬಲ್ಲದು ಎಂದಾಯಿತು. ಇದಕ್ಕಿಂತ ಪರಿಣಾಮಕಾರಿ ಆಡಳಿತ ಎಲ್ಲಿದೆ? ಹೃದಯಾಘಾತದ ವಿಚಾರ ವಿಮಾ ವಿಭಾಗಕ್ಕೆ ಸೇರಿದ್ದು.

ಬೇಸರವೆಂದರೆ ನಮ್ಮ ಊರಿನಲ್ಲೇ ನಿಮ್ಮ ನಿದ್ದೆಗೆ ಬೆಂಬಲ ಸಿಕ್ಕಿದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮನೀಷಾ ಇನಾಮದಾರ್ ಅವರ ತಂಡ ಅಸ್ರಿಜ್ ಎಂಬ ಪ್ರೋಟೀನಿನ ಬೆನ್ನು ಹತ್ತಿತು. 2019ರಲ್ಲಿ ಅವರು ಪ್ರಕಟಿಸಿದ ಪ್ರಕಾರ, ಅಸ್ರಿಜ್ ಇಲ್ಲದ ಇಲಿಗಳಲ್ಲಿ ಪಿ53 ಎಂಬ ಇನ್ನೊಂದು ಪ್ರೋಟೀನು ಅತಿಯಾಗಿ ನಾಶವಾಗುತ್ತದೆ, ನೀವು ನಿದ್ದೆ ಕಳೆದುಕೊಂಡು ವಿಭಜನೆಗೆ ತೊಡಗುತ್ತೀರಿ, ಮೇಲೆ ಒತ್ತಡ ಬಿದ್ದರೆ ಬಸವಳಿಯುತ್ತೀರಿ. ಹೊರವರ್ತುಲ ರಸ್ತೆಯಿಂದ ಕಲ್ಲೆಸೆತದ ದೂರದಲ್ಲಿ ಕೂತು ಇಂಥದ್ದನ್ನು ಬರೆಯಲು ಅವರಿಗೆ ಮನಸ್ಸಾದರೂ ಹೇಗೆ ಬಂತು!

ಪಿ53 ಹೆಸರು ಬಂದದ್ದರಿಂದ, ನಿಮ್ಮ ಮೇಲಿನ ಅತಿ ಗಂಭೀರ ಆರೋಪಕ್ಕೆ ಬರುತ್ತೇನೆ. ನೀವು ಮಾತೆತ್ತಿದರೆ ರಾಜೀನಾಮೆ ಕೊಡುತ್ತೀರಿ. ಟೊರಾಂಟೊದ ಜಾನ್ ಡಿಕ್ ಅವರ ಪ್ರಯೋಗಾಲಯ 2014ರಲ್ಲಿ ಮನುಷ್ಯರ ರಕ್ತ ಹುಟ್ಟಿಸುವ ಕೋಶಗಳಿಗೆ ಒಂದು ಬಗೆಯ ಒತ್ತಡ ಕೊಟ್ಟಿತು: ಒಳಗೆ ತಯಾರಾದ ಪ್ರೋಟೀನುಗಳು ಸರಿಯಾಗಿ ಮಡಚಿಕೊಳ್ಳದೆ ರಾಶಿ ಬೀಳುವಂತೆ ಮಾಡಿತು. ನಿಮ್ಮ ಕೈಕೆಳಗಿನ ಪ್ರೊಜೆನಿಟರ್‌ಗಳು ಹೇಗೋ ಸಂಭಾಳಿಸಿಕೊಂಡವು. ನೀವು ಸತ್ತಿರಿ. ಡಿಎನ್‌ಎಗೆ ಪೆಟ್ಟು ಬಿದ್ದಾಗಲೂ ಮನುಷ್ಯರ ಮೈಯಲ್ಲಿ ಇದೇ ಹಾಡು: ಪಿ53 ಪರೀಕ್ಷಿಸಿ ನೋಡುತ್ತದೆ, ಹಾನಿ ಹೆಚ್ಚಿದ್ದರೆ ಸಾಯುವಂತೆ ಆಜ್ಞೆ ಹೊರಡಿಸುತ್ತದೆ, ನೀವು ಮರುಮಾತಿಲ್ಲದೆ ಪಾಲಿಸುತ್ತೀರಿ. ನಾಳೆಯ ರಕ್ತವೆಲ್ಲ ನಿಮ್ಮಿಂದಲೇ ಹುಟ್ಟಬೇಕಾದ್ದರಿಂದ, ಕೆಟ್ಟ ಪ್ರತಿಯೊಂದು ಉಳಿಯುವುದಕ್ಕಿಂತ ಒಬ್ಬರು ಕಡಿಮೆಯಾಗುವುದೇ ಮೇಲೆಂಬುದು ವಿಜ್ಞಾನಿಗಳ ವಾದ. ನಿಮ್ಮ ಸಮುದಾಯ ಉಳಿದಿರುವುದು ನಿಮ್ಮಲ್ಲಿ ಬಿಡಿಬಿಡಿಯಾಗಿ ಹಲವರು ಉಳಿಯಲು ಒಪ್ಪದ್ದರಿಂದ ಎಂಬ ಈ ತರ್ಕ ನನಗಂತೂ ಅರಗಲಿಲ್ಲ. ಉದ್ಯೋಗದ ಸಂದರ್ಶನಕ್ಕೆ ಬಂದವರನ್ನು ನಾವು ಮೊದಲು ಕೇಳುವುದೇ "ಒತ್ತಡದಲ್ಲಿ ಕೆಲಸ ಮಾಡಬಲ್ಲಿರಾ?" ಎಂದು. "ಇಲ್ಲ ಸ್ವಾಮಿ, ನನ್ನಿಂದ ತಪ್ಪಾಗುವ ಹಾಗಿದ್ದರೆ ನಾನು ಹೊರಡುತ್ತೇನೆ" ಎಂದವರನ್ನು ಯಾರು ತೆಗೆದುಕೊಳ್ಳುತ್ತಾರೆ?

ಅದೃಷ್ಟಕ್ಕೆ ನಿಮ್ಮಲ್ಲೂ ಎಲ್ಲರೂ ಒಂದೇ ಥರ ಇಲ್ಲ. ಪಿ53 ವಂಶವಾಹಿ ಕೆಟ್ಟುಹೋದ ಕೆಲವರಿದ್ದಾರೆ. ಅವರಿಗೆ ಸಾಯಲು ಹೇಳುವವರಿಲ್ಲ. 2010ರಲ್ಲಿ ಬಂದ ಇಲಿ ಪ್ರಯೋಗವೊಂದರಲ್ಲಿ ವಿಕಿರಣ ಹಾಯಿಸಿದ ಮೇಲೆ, ಪಿ53 ಕಡಿಮೆಯಿದ್ದ ಕೋಶಗಳು ಪಕ್ಕದವರನ್ನು ಹಿಂದೆ ಹಾಕಿ ಮಜ್ಜೆಯಲ್ಲಿ ತಾವೇ ಹಬ್ಬಿದವು. 2015ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಿಂದ ಬಂದ ವರದಿ ಇನ್ನೂ ಸ್ವಾರಸ್ಯಕರ. ಕೀಮೋಥೆರಪಿ ಪಡೆದ ಕೆಲವರಿಗೆ ಕೆಲ ವರ್ಷಗಳ ಮೇಲೆ ಲ್ಯುಕೇಮಿಯ ಬರುತ್ತದೆ. ಔಷಧಿಯೇ ಹೊಸ ತಪ್ಪನ್ನು ಸೃಷ್ಟಿಸುತ್ತದೆ ಎಂದು ಎಲ್ಲರೂ ನಂಬಿದ್ದರು. ಹಳೆಯ ಮಾದರಿಗಳನ್ನು ತೆಗೆದು ನೋಡಿದರೆ, ಆ ಪಿ53 ತಪ್ಪುಳ್ಳ ಕೋಶ ಕೆಲವರಲ್ಲಿ ಕೀಮೋಗಿಂತ ಮೊದಲೇ ಒಂದು ಮೂಲೆಯಲ್ಲಿ ಇತ್ತು. ಔಷಧಿ ಸಂಕೋಚವುಳ್ಳವರನ್ನೆಲ್ಲ ಕೊಂದು, ಸಂಕೋಚವಿಲ್ಲದವರಿಗೆ ಜಾಗ ತೆರವು ಮಾಡಿಕೊಟ್ಟಿತು. ಹಿರೋಶಿಮಾ, ನಾಗಾಸಾಕಿಗಳಲ್ಲಿ ಬದುಕುಳಿದವರಲ್ಲೂ ಲ್ಯುಕೇಮಿಯ ಏರುತ್ತ ಹೋಗಿ, ಬಾಂಬು ಬಿದ್ದ ಆರೆಂಟು ವರ್ಷಗಳ ಹೊತ್ತಿಗೆ ತುದಿ ಮುಟ್ಟಿತು. ಏಟು ತಿಂದೂ ಸಾಯದೆ ಉಳಿದ ಕೋಶಗಳಿಗೆ ತಲೆ ಎತ್ತಲು ಅಷ್ಟು ಸಮಯ ಹಿಡಿದಿತ್ತು.

ವಯಸ್ಸಾದಂತೆ ನಿಮ್ಮ ಸಂಸ್ಥೆಯೂ ನಮ್ಮ ದಾರಿಗೇ ಬರುತ್ತದೆ ಎಂಬುದು ಸಮಾಧಾನದ ಸಂಗತಿ. 59 ವರ್ಷದ ಒಬ್ಬ ಆರೋಗ್ಯವಂತನಲ್ಲಿ ರಕ್ತಕ್ಕೆ ದುಡಿಯುವ ಕಾಂಡಕೋಶಗಳು 50,000ದಿಂದ 2 ಲಕ್ಷ ಎಂದು 2018ರಲ್ಲಿ ಲೆಕ್ಕ ಸಿಕ್ಕಿತು. 75 ದಾಟಿದವರಲ್ಲಿ ಹನ್ನೆರಡರಿಂದ ಹದಿನೆಂಟು ಕೋಶಗಳ ಸಂತಾನವೇ ಶೇ 30ರಿಂದ 60ರಷ್ಟು ರಕ್ತವನ್ನು ಕೈವಶ ಮಾಡಿಕೊಂಡಿರುತ್ತದೆ ಎಂದು 2022ರಲ್ಲಿ. ನೆದರ್ಲೆಂಡ್ಸ್‌ನ ಹೆಂಡ್ರಿಕ್ಯೆ ವಾನ್ ಆಂಡೆಲ್-ಸ್ಕಿಪ್ಪರ್ 1890ರಲ್ಲಿ ಹುಟ್ಟಿ 2005ರಲ್ಲಿ 115 ವರ್ಷದವರಾಗಿ ತೀರಿಕೊಂಡರು. ದೇಹವನ್ನು ವಿಜ್ಞಾನಕ್ಕೆ ಬಿಟ್ಟುಹೋಗಿದ್ದರು. 2014ರಲ್ಲಿ ಅವರ ಬಿಳಿ ರಕ್ತಕಣಗಳ ವಂಶಾವಳಿ ಹಿಡಿದು ಹಿಂದಕ್ಕೆ ಹೋದವರಿಗೆ ಕೊನೆಯಲ್ಲಿ ಸಿಕ್ಕ ಕಾಂಡಕೋಶಗಳು ಎರಡು, ಅವೂ ಒಂದಕ್ಕೊಂದು ನೆಂಟಸ್ತಿಕೆಯವು. ಲಕ್ಷ ಜನರ ಕಚೇರಿಯಲ್ಲಿ ಇಬ್ಬರೇ ಉಳಿದು ಕೆಲಸ ತೂಗಿಸುವುದನ್ನು ನಾವು ವರ್ಷಾಂತ್ಯದ ಭಾಷಣದಲ್ಲಿ ದಕ್ಷತೆ ಎಂದು ಕರೆಯುತ್ತೇವೆ. ಆಕೆ 115ರವರೆಗೆ ಬದುಕಿದ್ದು ಉಳಿದವರು ಅಷ್ಟು ಕಾಲ ಸರದಿಯ ಮೇಲೆ ಮಲಗಿದ್ದರಿಂದಲೋ ಏನೋ ಎಂದು ನಮ್ಮ ಟ್ರೈನಿಯೊಬ್ಬಳು ಕೇಳಿದಳು. ಅವಳ ಪ್ರೊಬೇಷನ್ ಅವಧಿಯನ್ನು ವಿಸ್ತರಿಸಲಾಗಿದೆ.

ಆದ್ದರಿಂದ, ಈ ನೋಟಿಸ್ ತಲುಪಿದ ಏಳು ದಿನಗಳೊಳಗೆ ಲಿಖಿತ ವಿವರಣೆ ಸಲ್ಲಿಸತಕ್ಕದ್ದು. ನೀವು ಅಷ್ಟರೊಳಗೆ ಏಳುವುದಿಲ್ಲವೆಂದು ಗೊತ್ತಿರುವುದರಿಂದ 40 ವಾರ ಕೊಟ್ಟಿದ್ದೇವೆ. ಇದರೊಂದಿಗೆ ಒಂದು ಖಾಸಗಿ ವಿನಂತಿಯೂ ಇದೆ. ಆ ಪಿ53 ಕಳೆದುಕೊಂಡ ಮಹನೀಯರ ಬಯೋಡೇಟಾವನ್ನು ದಯವಿಟ್ಟು ನಮಗೆ ಕಳಿಸಿಕೊಡಿ. ಎಂಥ ಒತ್ತಡಕ್ಕೂ ಅವರು ಜಗ್ಗುವುದಿಲ್ಲ, ಸಾಕೆಂದರೂ ನಿಲ್ಲಿಸುವುದಿಲ್ಲ, ತಮ್ಮ ತಪ್ಪಿಗೆ ತಲೆ ಕೆಡಿಸಿಕೊಳ್ಳುವುದಿಲ್ಲ, ಪಕ್ಕದವರು ಖಾಲಿ ಮಾಡಿದ ಕುರ್ಚಿಯನ್ನು ಆ ಕ್ಷಣವೇ ಹಿಡಿಯುತ್ತಾರೆ, ವರ್ಷದಿಂದ ವರ್ಷಕ್ಕೆ ಬೆಳೆಯುತ್ತಲೇ ಹೋಗುತ್ತಾರೆ. ನಮ್ಮ ಜಾಹೀರಾತಿನಲ್ಲಿ ಕೇಳಿರುವ ಅರ್ಹತೆಗಳಲ್ಲಿ ಒಂದೂ ಕೊರತೆಯಿಲ್ಲ. ಉಪಾಧ್ಯಕ್ಷರ ಹುದ್ದೆಯೊಂದು ಖಾಲಿಯಿದೆ. ಅವರು ಸೇರಿದ ಸಂಸ್ಥೆಗಳು ಆಮೇಲೆ ಎಷ್ಟು ದಿನ ಬದುಕಿದವು ಎಂಬ ಕಾಲಂ ನಮ್ಮ ಅರ್ಜಿ ನಮೂನೆಯಲ್ಲಿ ಇಲ್ಲ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯಸ್ಥರು, ಮಾನವ ಸಂಪನ್ಮೂಲ ವಿಭಾಗ